ನನ್ನ ಮೇಜಿನಿಂದ ಸಿಗುವ ಹೆಸರು

ಮಾರ್ಚ್ 3, ಸೋಮವಾರ

ಇವತ್ತೂ ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಫೋನು. ಕಣ್ಣು ಬಿಡುವ ಮೊದಲೇ ಗೊತ್ತಿತ್ತು ಯಾರೆಂದು. ಡ್ಯೂಟಿ ಕಿಟಕಿಯ ಗುಮಾಸ್ತ. ನಾನು ಅವನಿಗೆ ಇಟ್ಟಿರುವ ಹೆಸರು ಎರಡು ಬೆರಳು. ಹದಿನೆಂಟು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತಿದ್ದಾನೆ, ಇವತ್ತಿಗೂ ಕೋಳಿ ಕಾಳು ಹೆಕ್ಕಿದ ಹಾಗೆ ಎರಡೇ ಬೆರಳಲ್ಲಿ ಕುಟ್ಟುತ್ತಾನೆ.

"ನಮಸ್ಕಾರ ಮೇಡಂ. ಇವತ್ತಿನ ನಂಬರು?"

"ನಿನ್ನೆ ಹತ್ತೊಂಬತ್ತು ಕೊಟ್ಟಿದ್ದೆನಲ್ಲ?"

"ಅದು ಸಿಗ್ತಿಲ್ಲ ಮೇಡಂ. ಡ್ರೈವರುಗಳು ಕಿಟಕಿ ಮುಂದೆ ನಿಂತಿದಾರೆ."

ನಿಂತಿರದೆ ಇನ್ನೇನು ಮಲಗಿರುತ್ತಾರೆಯೇ? ಮಲಗುವ ಯೋಗ ಇಲ್ಲದವಳು ನಾನೊಬ್ಬಳೇ ಅಲ್ಲ ಅನ್ನುವುದಷ್ಟೇ ಸಮಾಧಾನ. ಚಪ್ಪಲಿ ಮೆಟ್ಟಿಕೊಂಡು ಕ್ವಾರ್ಟರ್ಸಿನಿಂದ ಹೊರಟು, ವರ್ಕ್‌ಶಾಪ್ ದಾಟಿ, ನನ್ನ ಕೋಣೆಯ ಬೀಗ ತೆಗೆದು, ಪರದೆ ನೋಡಿ "ಮೂವತ್ತನಾಲ್ಕು" ಅಂದೆ. ಐದೂಕಾಲಿಗೆ ಮೊದಲ ಬಸ್ಸು ಗೇಟು ದಾಟಿತು. ಡಿಪೊದಲ್ಲಿ ಎದುರಿಗೆ ನನ್ನನ್ನು ಮೇಡಂ ಅನ್ನುತ್ತಾರೆ, ಬೆನ್ನ ಹಿಂದೆ ನಂಬರಕ್ಕ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ.

ಕಳೆದ ವಾರ ಹೊಸ ಮ್ಯಾನೇಜರಿಗೆ ವಿವರಿಸಿದ್ದನ್ನೇ ಇಲ್ಲೂ ಬರೆದಿಡುತ್ತೇನೆ, ತಲೆ ತಣ್ಣಗಾಗಲಿ. ಡ್ರೈವರುಗಳ ಡ್ಯೂಟಿ ಪಟ್ಟಿ ಮಾಡುವ ಪ್ರೋಗ್ರಾಂ ಮುದಿಯಾಗಿದೆ, ಹೊಸ ಕಂಪ್ಯೂಟರುಗಳಲ್ಲಿ ಓಡುವುದಿಲ್ಲ. ಅದು ಓಡುತ್ತಿದ್ದ ಹಳೆಯ ಡಬ್ಬ ಸತ್ತಾಗ, ನನ್ನ ಮೇಜಿನ ಕಂಪ್ಯೂಟರಿನ ಒಳಗೇ ಇನ್ನೊಂದು ಕಂಪ್ಯೂಟರನ್ನು ನಾನು ಕಟ್ಟಿ ನಿಲ್ಲಿಸಿದೆ. ಕೈಗೆ ಸಿಗುವ ಯಂತ್ರವಲ್ಲ ಅದು, ವರ್ಚುವಲ್ ಮಷೀನು. ಆದರೆ ಪ್ರೋಗ್ರಾಂ ತಾನು ಹಳೆಯ ಮನೆಯಲ್ಲೇ ಇದ್ದೇನೆ ಅಂದುಕೊಂಡು ಹಾಯಾಗಿ ಓಡುತ್ತದೆ. ಕಿಟಕಿಯ ಕಂಪ್ಯೂಟರಿನಿಂದ ನೆಟ್‌ವರ್ಕಿನಲ್ಲಿ ಅದನ್ನು ಮುಟ್ಟಬೇಕಾದರೆ ಅದರ ನಂಬರ್ ಬೇಕು. ನಂಬರ್ ಹಂಚುವುದು ಗೋಡೆಯ ಮೇಲಿನ ನೆಟ್‌ವರ್ಕ್ ಪೆಟ್ಟಿಗೆ. ಕರೆಂಟು ಒಮ್ಮೆ ಮಿಟುಕಿದರೆ ಸಾಕು, ಮನಸ್ಸಿಗೆ ಬಂದ ಬೇರೆ ನಂಬರ್ ಕೊಡುತ್ತದೆ. ಆ ಪೆಟ್ಟಿಗೆಯ ಪಾಸ್‌ವರ್ಡ್ ಮುಖ್ಯ ಕಚೇರಿಯಲ್ಲಿದೆ. ಒಂದೇ ನಂಬರ್ ಕಾಯಂ ಮಾಡಿ ಎಂದು ಎಂಟು ಪತ್ರ ಬರೆದೆ, ಒಂದಕ್ಕೂ ಉತ್ತರವಿಲ್ಲ. ಹೊಸ ನಂಬರ್ ಕಾಣುವುದು ನನ್ನ ಪರದೆಯಲ್ಲಿ ಮಾತ್ರ. ಅದಕ್ಕೇ ನಾನು ಇಲ್ಲಿ ಗೂಟಕ್ಕೆ ಕಟ್ಟಿದ ಹಸು.

ಕೋಣೆಯ ಇನ್ನೊಂದು ಕೀಲಿ ಗುಮಾಸ್ತನ ಹತ್ತಿರ ಇರಲಿ ಎಂದು ಮ್ಯಾನೇಜರ್ ಅಂದರು. ಬೇಡವೇ ಬೇಡ ಅಂದೆ. ಚಹಾ ಚೆಲ್ಲಿದರೆ ಯಾರು ಹೊಣೆ?

ಸಂಜೆ ಅಕ್ಕನ ಫೋನು. ಮೂರು ವರ್ಷದಲ್ಲಿ ಅವಳು ತಾನಾಗಿ ಫೋನ್ ಮಾಡಿದ್ದು ಇದೇ ಮೊದಲು. ಹೃದಯದ ಕವಾಟ ಹಾಳಾಗಿದೆಯಂತೆ. ಇಪ್ಪತ್ತಾರಕ್ಕೆ ಆಪರೇಷನ್.

"ಮನೆಯವರು ಒಬ್ಬರು ಬಂದು ಸಹಿ ಹಾಕ್ಬೇಕಂತೆ. ನಿನಗೆ ಆಗದಿದ್ರೆ ಹೇಳು, ಪಕ್ಕದ ಮನೆಯವಳನ್ನ ಕೇಳ್ತೀನಿ," ಅಂದಳು.

ಪಕ್ಕದ ಮನೆಯವಳು! "ಬರ್ತೀನಿ ಅಕ್ಕಾ," ಅಂದೆ. ಅವಳು "ನೋಡೋಣ ಬಿಡು," ಅಂದು ಇಟ್ಟಳು.

ಮಾರ್ಚ್ 4, ಮಂಗಳವಾರ

ಮ್ಯಾನೇಜರ್ ಒಳ್ಳೆಯವರೇ, ಆದರೆ ಬಹಳ ಲೆಕ್ಕಾಚಾರದ ಮನುಷ್ಯ.

"ರಜೆ ಕೊಡೋಕೆ ನನಗೇನೂ ತೊಂದರೆ ಇಲ್ಲಮ್ಮ. ಆದ್ರೆ ನೀವಿಲ್ದೆ ಬೆಳಗ್ಗೆ ಪಟ್ಟಿ ಹೇಗೆ ಬರುತ್ತೆ? ಒಂದು ಕೆಲಸ ಮಾಡಿ. ಒಂದೇ ಸಮ ಏಳು ದಿನ ನಿಮಗೆ ಫೋನ್ ಬರದೆ ಪಟ್ಟಿ ಹೊರಗೆ ಬರ್ಲಿ. ಆಮೇಲೆ ನೀವು ಆರಾಮಾಗಿ ಹೋಗಿ."

ಅಂದರೆ ನಂಬರ್ ಇಲ್ಲದೆ, ಹೆಸರು ಹಿಡಿದು ಯಂತ್ರವನ್ನು ಹುಡುಕುವ ಹಾಗೆ ಆಗಬೇಕು. ನಂಬರ್ ಎಷ್ಟು ಸಲ ಬದಲಾದರೂ ಹೆಸರು ಬದಲಾಗುವುದಿಲ್ಲವಲ್ಲ. ಆದರೆ ಅದನ್ನು ನಾನು ಮೂರು ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದೇನೆ! ಯಂತ್ರಕ್ಕೆ ಹೆಸರಿದೆ: ಡ್ಯೂಟಿಪಟ್ಟಿಕೇಂದ್ರ. ಇಂಗ್ಲಿಷಿನಲ್ಲಿ ಹದಿನೈದು ಅಕ್ಷರ. ದಿನಾ ನನ್ನ ಮೇಜಿನಿಂದ ನಾನು ಆ ಹೆಸರಲ್ಲೇ ಒಳಗೆ ಹೋಗುತ್ತೇನೆ, ಒಮ್ಮೆಯೂ ತಪ್ಪಿಲ್ಲ. ಹದಿನೈದು ಅಕ್ಷರ ಸರಿಯಾಗಿ ಒತ್ತಲು ಬಾರದ ಒಬ್ಬ ಮಹಾನುಭಾವ ಕಿಟಕಿಯಲ್ಲಿ ಕೂತಿದ್ದಾನೆ, ಅಷ್ಟೇ ತೊಂದರೆ.

ಅವನಿಂದಲೇ ಭಾವನನ್ನು ಕೊನೆಯ ಸಲ ನೋಡುವುದು ತಪ್ಪಿತು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಓದಿಸಿ ಬೆಳೆಸಿದವರು ಅಕ್ಕ ಭಾವ. ಭಾವ ಆಸ್ಪತ್ರೆಯಲ್ಲಿ ದಿನ ಎಣಿಸುತ್ತಿದ್ದಾಗ ಯಂತ್ರಕ್ಕೆ ಆ ಹೆಸರು ಕೊಟ್ಟು, ನನ್ನ ಮೇಜಿನಿಂದ ಪರೀಕ್ಷೆ ಮಾಡಿ, ಹೆಸರನ್ನು ದಪ್ಪ ಅಕ್ಷರದಲ್ಲಿ ಚೀಟಿಯಲ್ಲಿ ಬರೆದು ಗುಮಾಸ್ತನ ಕೈಗಿಟ್ಟು ರೈಲು ಹತ್ತಿದ್ದೆ. ಹದಿನಾಲ್ಕು ಗಂಟೆಯ ದಾರಿ. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಬೆಳಿಗ್ಗೆ ಫೋನು: ಸಿಗ್ತಿಲ್ಲ ಮೇಡಂ. ಏನು ಮಾಡಲಿ? ಮುಂದಿನ ನಿಲ್ದಾಣದಲ್ಲಿ ಇಳಿದು, ಎದುರಿನ ರೈಲು ಹಿಡಿದು ವಾಪಸ್ಸು ಬಂದೆ. ಎರಡು ದಿನಕ್ಕೆ ಭಾವ ಹೋದರು. ಡಿಪೊ ಬಿಟ್ಟು ಹೋಗುವ ಹಾಗಿರಲಿಲ್ಲ. ಬಿಟ್ಟು ಹೋಗುವ ಹಾಗಿರಲಿಲ್ಲ ಎಂದು ಅಕ್ಕನಿಗೆ ಎಷ್ಟು ಸಲ ಹೇಳಿದೆನೋ.

ಮಾರ್ಚ್ 7, ಶುಕ್ರವಾರ

ಮತ್ತೆ ಚೀಟಿ ಬರೆದೆ. ಈ ಸಲ ಒಂದೊಂದು ಅಕ್ಷರಕ್ಕೂ ಒಂದೊಂದು ಚೌಕ ಹಾಕಿ, ಒಂದನೇ ಕ್ಲಾಸಿನ ಮಕ್ಕಳಿಗೆ ಬರೆದ ಹಾಗೆ. ನನ್ನ ಮೇಜಿನಲ್ಲಿ ಪರೀಕ್ಷೆ ಮಾಡಿದೆ. ಒಂದೇ ಕ್ಷಣದಲ್ಲಿ ಸಿಕ್ಕಿತು. ಕಿಟಕಿಗೆ ಹೋಗಿ ಕೊಟ್ಟೆ. ಅವನು ಕನ್ನಡಕ ಏರಿಸಿಕೊಂಡು ಕುಟ್ಟಿದ. "ಇಂಥ ಯಂತ್ರ ಸಿಗಲಿಲ್ಲ" ಎಂದು ಪರದೆಯಲ್ಲಿ ಬಂತು.

"ಸರಿಯಾಗಿ ನೋಡಿ ಒತ್ತಿ. ಪಟ್ಟಿಗೆ ಎರಡು ಟಿ ಇದೆ ಅಲ್ಲಿ."

"ಎರಡು ಒತ್ತಿದೆ ಮೇಡಂ."

"ಮತ್ತೆ ಒತ್ತಿ."

ನಾಲ್ಕು ಸಲ ಒತ್ತಿದ. ಸಾಲಿನಲ್ಲಿ ನಿಂತಿದ್ದ ಡ್ರೈವರುಗಳು ಮುಸಿಮುಸಿ ನಗುತ್ತಿದ್ದರು. ಅವನ ಕಿವಿ ಕೆಂಪಾಯಿತು. ನನಗೆ ಕನಿಕರ ಬರಲಿಲ್ಲ. ಅವನ ಕಿವಿ ಕೆಂಪಾದರೆ ನನಗೇನು, ನನ್ನ ಅಕ್ಕನ ಎದೆ ಸೀಳುವ ದಿನಕ್ಕೆ ಹತ್ತೊಂಬತ್ತು ದಿನ ಉಳಿದಿದೆ.

ಮಾರ್ಚ್ 10, ಸೋಮವಾರ

ಇವತ್ತು ಅವನನ್ನು ಏಳಿಸಿ ಅವನ ಕುರ್ಚಿಯಲ್ಲಿ ನಾನೇ ಕೂತೆ. ಹೀಗೆ ನೋಡಿ ಅಂತ ಹೇಳಿ, ಹದಿನೈದೂ ಅಕ್ಷರ ಒತ್ತಿದೆ.

ಸಿಗಲಿಲ್ಲ.

ಇನ್ನೊಮ್ಮೆ ಒತ್ತಿದೆ. ಇಲ್ಲ. ಓಡಿ ಹೋಗಿ ನನ್ನ ಮೇಜಿನಲ್ಲಿ ಒತ್ತಿದೆ. ಸಿಕ್ಕಿತು. ಮತ್ತೆ ಓಡಿ ಬಂದೆ, ಕಿಟಕಿಯಲ್ಲಿ ಇಲ್ಲ. ವರ್ಕ್‌ಶಾಪಿನ ಕಂಪ್ಯೂಟರಿನಲ್ಲೂ ಇಲ್ಲ. ನಾನು ಅತ್ತಿಂದಿತ್ತ ಓಡುವುದನ್ನು ನೋಡಿ ಒಬ್ಬ ಡ್ರೈವರ್ "ಬಸ್ ತಪ್ಪಿತಾ ಅಕ್ಕ?" ಅಂದ. ಹಲ್ಲು ಉದುರಿಸುತ್ತೇನೆ ಅನ್ನಬೇಕೆಂದಿದ್ದೆ, ಉಸಿರು ಸಾಲಲಿಲ್ಲ.

ಎರಡು ಬೆರಳು ನನ್ನ ಹಿಂದೆಯೇ ನಿಂತಿದ್ದ. "ಹೆಸರು ಸ್ವಲ್ಪ ಉದ್ದ ಆಯ್ತೇನೋ ಮೇಡಂ. ನಾವೆಲ್ಲ ಅದಕ್ಕೆ ಅಜ್ಜಿ ಅಂತೀವಿ. ಅಜ್ಜಿ ಎದ್ದಳಾ, ಅಜ್ಜಿ ಪಟ್ಟಿ ಕೊಟ್ಟಳಾ ಅಂತ. ಅದನ್ನೇ ಇಟ್ಟುಬಿಡಿ, ಒತ್ತೋಕೂ ಸುಲಭ."

ಉದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಗದರಿದೆ. ಆದರೆ ಬೇರೆ ಏನೂ ತೋಚುತ್ತಿಲ್ಲ. ನಾಳೆ ಹೆಸರು ಬದಲಾಯಿಸಿ ನೋಡುತ್ತೇನೆ.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಒಳಗಿನ ಯಂತ್ರದ ಹೆಸರನ್ನು ಅಜ್ಜಿ ಎಂದು ಬದಲಾಯಿಸಿದೆ. ಆರಿಸಿ ಮತ್ತೆ ಹಚ್ಚಿದೆ. ನನ್ನ ಮೇಜಿನಿಂದ ಅಜ್ಜಿ ಎಂದು ಒತ್ತಿದರೆ ಸಿಗಲಿಲ್ಲ. ಅಭ್ಯಾಸಬಲದಿಂದ ಬೆರಳು ಹಳೆಯ ಹೆಸರನ್ನು ಒತ್ತಿತು.

ಸಿಕ್ಕಿತು!

ಆ ಹೆಸರಿನ ಯಂತ್ರವೇ ಈಗ ಪ್ರಪಂಚದಲ್ಲಿ ಇಲ್ಲ. ಅಳಿಸಿ ಹಾಕಿದವಳು ನಾನೇ. ಇಲ್ಲದ ಹೆಸರು ಓಗೊಡುವುದು ಹೇಗೆ? ಐದು ನಿಮಿಷ ಪರದೆಯನ್ನೇ ನೋಡುತ್ತ ಕೂತೆ. ಆಮೇಲೆ ಹೊಳೆಯಿತು.

ಪ್ರತಿ ಕಂಪ್ಯೂಟರಿನಲ್ಲೂ ಒಂದು ಸಣ್ಣ ಕಡತ ಇರುತ್ತದೆ. ಅದರಲ್ಲಿ ಈ ಹೆಸರೆಂದರೆ ಈ ನಂಬರ್ ಎಂದು ನಾವೇ ಕೈಯಾರೆ ಬರೆದಿಟ್ಟರೆ, ಆ ಕಂಪ್ಯೂಟರ್ ನೆಟ್‌ವರ್ಕನ್ನು ಕೇಳುವುದಕ್ಕೇ ಹೋಗುವುದಿಲ್ಲ, ತನ್ನ ಚೀಟಿ ತಾನು ಓದಿಕೊಂಡು ಸುಮ್ಮನಾಗುತ್ತದೆ. ಆ ಕಡತ ತೆರೆದೆ. ಕೊನೆಯ ಸಾಲು: ಡ್ಯೂಟಿಪಟ್ಟಿಕೇಂದ್ರ. ಅದರ ಮುಂದೆ ಒಂದು ನಂಬರ್. ಪೆಟ್ಟಿಗೆ ಕೊಡುವ ನಂಬರ್ ಅಲ್ಲ. ನನ್ನ ಕಂಪ್ಯೂಟರಿಗೂ ಅದರ ಒಳಗಿನ ಯಂತ್ರಕ್ಕೂ ನಡುವೆ ಮಾತ್ರ ಇರುವ ಖಾಸಗಿ ದಾರಿಯ ನಂಬರ್. ಅದು ಎಂದೂ ಬದಲಾಗುವುದಿಲ್ಲ. ಹೊರಗಿನವರಿಗೆ ಎಂದೂ ಸಿಗುವುದೂ ಇಲ್ಲ. ಪಕ್ಕದಲ್ಲಿ ನನ್ನದೇ ಟಿಪ್ಪಣಿ: "ಪರೀಕ್ಷೆಗೆ ಮಾತ್ರ. ಆಮೇಲೆ ತೆಗೆಯಬೇಕು." ಅದರ ಮುಂದೆ ತಾರೀಕು. ನಾನು ರೈಲು ಹತ್ತಿದ ದಿನದ ತಾರೀಕು.

ಹೆಸರನ್ನು ನಾನು ನೆಟ್‌ವರ್ಕಿಗೆ ಹೇಳಿಯೇ ಇರಲಿಲ್ಲ. ನನ್ನ ಮೇಜಿಗೆ ಮಾತ್ರ ಹೇಳಿದ್ದೆ. ಅಲ್ಲಿಂದಲೇ ಪರೀಕ್ಷೆ ಮಾಡಿ, ಸಿಕ್ಕಿತು ಎಂದು ಖುಷಿಪಟ್ಟು, ಚೀಟಿ ಬರೆದು ಕೊಟ್ಟು ಹೊರಟಿದ್ದೆ. ಅವನು ಹದಿನೈದು ಅಕ್ಷರವನ್ನೂ ಸರಿಯಾಗಿಯೇ ಒತ್ತಿದ್ದ. ಸಾವಿರ ಸಲ ಒತ್ತಿದ್ದರೂ ಸಿಗುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವಾರ ಎಲ್ಲರಿಗೂ ಹೇಳಿಕೊಡುವ ಪಾಠ ಇದು: ನಿಮ್ಮ ಮೇಜಿನಿಂದ ಸಿಕ್ಕಿತು ಅಂತ ಹಿಗ್ಗಬೇಡಿ, ಬೇರೆಯವರ ಮೇಜಿನಿಂದ ನೋಡಿ. ಇಪ್ಪತ್ತೆರಡು ವರ್ಷದ ಅನುಭವ ನನಗೆ! ಥೂ.

ಅವನಿಗೆ ಹೇಳಬೇಕು. ನಾಳೆ ಹೇಳುತ್ತೇನೆ.

ಮಾರ್ಚ್ 13, ಗುರುವಾರ

ಹೇಳಲಿಲ್ಲ. ಕೆಲಸ ಇತ್ತು.

ಒಳಗಿನ ಯಂತ್ರ ತನ್ನ ಹೆಸರನ್ನು ಸುತ್ತಲಿನವರಿಗೆ ಸಾರುವ ಸಣ್ಣ ಪ್ರೋಗ್ರಾಂ ಒಂದಿದೆ, ಅದನ್ನು ಹಾಕಿದೆ. ನನ್ನ ಕಂಪ್ಯೂಟರಿನ ಫೈರ್‌ವಾಲ್ ಎಂಬ ಕಾವಲುಗೋಡೆಯಲ್ಲಿ ಅದಕ್ಕೆ ದಾರಿ ಬಿಡಿಸಿದೆ. ಕಡತದ ಆ ಸಾಲನ್ನು ಅಳಿಸಿದೆ. ಈ ಸಲ ನನ್ನ ಮೇಜಿನಿಂದ ನೋಡಲೇ ಇಲ್ಲ, ನೇರ ಕಿಟಕಿಗೆ ಹೋದೆ. ಅವನು ಕೂತಲ್ಲೇ ಅಜ್ಜಿ ಎಂದು ಒತ್ತಿದ. ಪಟ್ಟಿಯ ನೀಲಿ ಪರದೆ ತೆರೆಯಿತು.

"ಅಯ್ಯೋ, ಅಜ್ಜಿ ಬಂದಳು!" ಎಂದು ಚಪ್ಪಾಳೆ ತಟ್ಟಿದ, ಈ ವಯಸ್ಸಿನಲ್ಲಿ. "ಉದ್ದದ್ದೇ ಎಡವಟ್ಟು ಅಂತ ನಾನಂದ್ನಲ್ಲ ಮೇಡಂ?"

"ಹಾಂ," ಅಂದೆ. ಹಾಂ ಅಂದುಬಿಟ್ಟೆ. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿತ್ತೇ?

ನಾಳೆಯಿಂದ ಏಳು ದಿನದ ಎಣಿಕೆ.

ಮಾರ್ಚ್ 14, ಶುಕ್ರವಾರ

ಫೋನ್ ಬರಲಿಲ್ಲ. ಒಂದು.

ಮಾರ್ಚ್ 16, ಭಾನುವಾರ

ಮೂರು. ಫೋನ್ ಬರುವುದಿಲ್ಲ ಎಂದು ಗೊತ್ತಿದ್ದರೂ ನಾಲ್ಕೂವರೆಗೇ ಎಚ್ಚರ. ಹಾಸಿಗೆಯ ಮೇಲೆ ಕೂತು ಫೋನನ್ನೇ ನೋಡುತ್ತಿದ್ದೆ. ಐದೂಕಾಲಿಗೆ ಮೊದಲ ಬಸ್ಸಿನ ಸದ್ದು ಕೇಳಿಸಿತು, ಸರಿಯಾದ ಸಮಯಕ್ಕೆ. ನನ್ನನ್ನು ಕೇಳದೆ! ಹೋಗಿ ಮಲಗಬಹುದಿತ್ತು. ಫೋನ್ ಕೆಟ್ಟಿದೆಯೋ ಏನೋ ಎಂದು ಲ್ಯಾಂಡ್‌ಲೈನಿನಿಂದ ನನಗೆ ನಾನೇ ರಿಂಗ್ ಮಾಡಿ ನೋಡಿದೆ. ಚೆನ್ನಾಗಿಯೇ ಇದೆ.

ಅಕ್ಕನಿಗೆ ಫೋನ್ ಮಾಡಿದೆ. "ಟಿಕೆಟ್ ತಗೊಂಡ್ಯಾ?" ಎಂದಳು. ಇನ್ನೂ ನಾಲ್ಕು ದಿನ ನೋಡಬೇಕು ಅಕ್ಕ, ಯಂತ್ರದ್ದು ನಂಬುವ ಹಾಗಿಲ್ಲ ಅಂದೆ. ಅವಳು ಪಕ್ಕದ ಮನೆಯವಳಿಗೂ ಒಂದು ಮಾತು ಹೇಳಿಟ್ಟಿದ್ದಾಳಂತೆ.

ನಂಬುವ ಹಾಗಿಲ್ಲ ಅನ್ನುವುದು ಸುಳ್ಳಲ್ಲ. ಸರಿಯಾಗಿ ಓಡುವಾಗಲೇ ಜಾಸ್ತಿ ಅನುಮಾನ ಬರುತ್ತದೆ.

ಮಾರ್ಚ್ 17, ಸೋಮವಾರ

ನಾಲ್ಕು. ಸಂಜೆ ಸುಮ್ಮನೆ ಕೂರಲಾಗದೆ ಯಂತ್ರಕ್ಕೆ ಬಾಕಿಯಿದ್ದ ಅಪ್‌ಡೇಟುಗಳನ್ನೆಲ್ಲ ಹಾಕಿ, ಆರಿಸಿ ಹಚ್ಚಿದೆ. ಅಗತ್ಯವಿತ್ತು. ಯಾವತ್ತಾದರೂ ಮಾಡಲೇಬೇಕಿತ್ತು.

ಮಾರ್ಚ್ 18, ಮಂಗಳವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ನಾಲ್ಕೂಮುಕ್ಕಾಲಿಗೆ ಫೋನ್ ಬರಲಿಲ್ಲ. ಐದೂಕಾಲಿಗೆ ಬಸ್ಸಿನ ಸದ್ದೂ ಬರಲಿಲ್ಲ. ಐದೂವರೆಗೆ ಬಂತು. ಹದಿನೈದು ನಿಮಿಷ ತಡ. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

ಕಿಟಕಿಯ ಒಳಗೆ ಗುಮಾಸ್ತ ಕಂಪ್ಯೂಟರಿಗೆ ಬೆನ್ನು ಹಾಕಿ ಕೂತು, ಅಗಲವಾದ ಹಳದಿ ಕಾಗದದ ಮೇಲೆ ಪೆನ್ನಿನಲ್ಲಿ ಬರೆಯುತ್ತಿದ್ದ. ಬಸ್ ನಂಬರ್, ಡ್ರೈವರು, ದಾರಿ, ಹೊರಡುವ ಸಮಯ. ಎಲ್ಲೂ ನೋಡದೆ, ಬಾಯಿಪಾಠ. ಅಕ್ಷರ ಅಚ್ಚು ಹಾಕಿದ ಹಾಗಿತ್ತು. ಡ್ರೈವರುಗಳು ಒಬ್ಬೊಬ್ಬರೇ ಸಹಿ ಹಾಕಿ ಹೋಗುತ್ತಿದ್ದರು. ಯಾರೂ ಗಲಾಟೆ ಮಾಡುತ್ತಿರಲಿಲ್ಲ.

"ಅಜ್ಜಿ ಸಿಗಲಿಲ್ಲ ಮೇಡಂ," ಎಂದ ತಲೆ ಎತ್ತದೆ.

ಸಿಗುವುದು ಹೇಗೆ? ಹೆಸರು ಸಾರುವ ಪ್ರೋಗ್ರಾಮನ್ನು ನಾನು ಹಚ್ಚಿದ್ದೆ, ಆದರೆ ಯಂತ್ರ ಎದ್ದಾಗ ತಾನೇ ಏಳಬೇಕು ಎಂದು ಅದಕ್ಕೆ ಹೇಳಿರಲಿಲ್ಲ. ನಿನ್ನೆ ಸಂಜೆ ನಾನು ಆರಿಸಿ ಹಚ್ಚಿದಾಗ ಅದು ಸತ್ತಿತ್ತು. ಕೆದಕದೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಕೈ ಸುಮ್ಮನಿದ್ದರೆ ತಾನೇ!

"ನನಗೆ ಯಾಕೆ ಫೋನ್ ಮಾಡಲಿಲ್ಲ?"

"ಮಾಡಿದ್ರೆ ನಿಮ್ಮ ಏಳು ದಿನ ಮತ್ತೆ ಒಂದರಿಂದ ಶುರು ಆಗ್ತಿತ್ತಲ್ಲ ಮೇಡಂ. ನಿಮ್ಮ ಅಕ್ಕನ ಆಪರೇಷನ್ ಅಂತ ಮ್ಯಾನೇಜರ್ ಹೇಳಿದ್ರು. ಪಟ್ಟಿ ಹೊರಗೆ ಬರಬೇಕು ಅಂತ ತಾನೇ ಅವರು ಅಂದಿದ್ದು? ಬಂತು."

"ಕೈಯಲ್ಲಿ ಬರೆದು ಬಸ್ ಬಿಡಬಹುದಾ?"

ನಾನು ಹಾಸ್ಯ ಮಾಡುತ್ತಿದ್ದೇನೆಯೇ ಎಂದು ಅವರು ನನ್ನ ಮುಖ ನೋಡಿದರು. "ಕಂಪ್ಯೂಟರ್ ಬರೋಕೆ ಮುಂಚೆ ಮತ್ತೆ ಹೇಗೆ ಬಿಡ್ತಿದ್ವಿ? ಹದಿನೈದಿಪ್ಪತ್ತು ನಿಮಿಷ ತಡ ಆಗುತ್ತೆ ಅಷ್ಟೆ. ಆ ಸಲ ನೀವು ರೈಲಲ್ಲಿದ್ದಾಗಲೂ ಹೀಗೇ ಬಿಟ್ವಲ್ಲ."

"ಯಾವ ಸಲ?"

"ನಿಮ್ಮ ಭಾವನಿಗೆ ಹುಷಾರಿಲ್ಲ ಅಂತ ಹೋಗಿದ್ರಲ್ಲ, ಅವಾಗ. ಅಷ್ಟೂ ಬಸ್ ಬಿಟ್ಟ ಮೇಲೇ ನಾನು ನಿಮಗೆ ಫೋನ್ ಮಾಡಿದ್ದು. ಹೆಸರು ಸಿಗ್ತಿಲ್ಲ, ನೀವು ಬಂದ ಮೇಲೆ ನೋಡಿ ಅಂತ ಹೇಳೋಕೆ. ಸಿಗ್ತಿಲ್ಲ ಅನ್ನೋಷ್ಟರಲ್ಲೇ ನೀವು ಬರ್ತೀನಿ ಅಂದು ಇಟ್ಟುಬಿಟ್ರಿ. ಮತ್ತೆ ಮಾಡಿದೆ, ನೀವು ಎತ್ತಲಿಲ್ಲ."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಆಮೇಲೆ ಕಡತದ ವಿಷಯ ಹೇಳಿದೆ. ಹೆಸರು ನನ್ನ ಮೇಜಿನಿಂದ ಮಾತ್ರ ಸಿಗುತ್ತಿತ್ತು, ನೀವು ಸರಿಯಾಗಿಯೇ ಒತ್ತಿದ್ದಿರಿ, ತಪ್ಪು ಪೂರ್ತಿ ನನ್ನದು, ಕಳೆದ ಮಂಗಳವಾರವೇ ಗೊತ್ತಾಗಿತ್ತು, ಹೇಳಲು ನಾಲಿಗೆ ಏಳಲಿಲ್ಲ. ಒಂದೇ ಉಸಿರಿಗೆ ಹೇಳಿದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ನಾನೇ ತಪ್ಪು ಒತ್ತಿದೆ ಅಂದ್ಕೊಂಡಿದ್ದೆ ಮೇಡಂ. ನನ್ನಿಂದ ಒಬ್ಬರ ಸಾವಿಗೆ ನಿಮಗೆ ಹೋಗೋಕಾಗ್ಲಿಲ್ಲ ಅಂತ ಮನಸ್ಸಿಗೆ ಬಹಳ ಕೊರೀತಿತ್ತು. ಮೂರು ವರ್ಷದಿಂದ ಮನೇಲಿ ಮೊಮ್ಮಗಳ ಕೀಬೋರ್ಡಲ್ಲಿ ದಿನಾ ಅರ್ಧ ಗಂಟೆ ಟೈಪಿಂಗ್ ಕಲೀತಿದೀನಿ. ಈಗ ನಾಲ್ಕು ಬೆರಳು ಓಡುತ್ತೆ." ಬೆರಳು ಎತ್ತಿ ತೋರಿಸಿದರು.

ಹದಿನೆಂಟು ವರ್ಷ ಎದುರಿಗೆ ಕೂತವರ ಕೈಯನ್ನು ನಾನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಕ್ಷಮಿಸಿ ಎಂದೆ. ಎರಡು ಸಲ ಎಂದೆ. ಅಳು ಬಂತು, ಅಲ್ಲೇ ಅತ್ತೆ, ಡ್ರೈವರುಗಳ ಎದುರೇ.

"ಬಿಡಿ ಮೇಡಂ. ಟೈಪಿಂಗ್ ಬಂತಲ್ಲ," ಎಂದರು.

ಮಾರ್ಚ್ 19, ಬುಧವಾರ

ಆರು. ಹೆಸರು ಸಾರುವುದು ತಾನೇ ಏಳುವ ಹಾಗೆ ಮಾಡಿದ್ದೇನೆ. ಗುಮಾಸ್ತರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಸಲ ಆರಿಸಿ ಹಚ್ಚಿ ನೋಡಿದೆವು. ಮೂರು ಸಲವೂ ನಂಬರ್ ಬೇರೆ, ಹೆಸರು ಅದೇ. ಅವರು ಎಲ್ಲವನ್ನೂ ಹಳದಿ ಕಾಗದದಲ್ಲಿ ಬರೆದುಕೊಂಡರು. ನಾನು ಬೇಗ ಬೇಗ ಹೇಳಿದರೆ "ನಿಧಾನ ಮೇಡಂ" ಎಂದು ತಡೆಯುತ್ತಾರೆ. ಅವರು ಚಹಾ ತಂದು ಮೇಜಿನ ಮೇಲೇ ಇಟ್ಟರು. ಕುಡಿದೆ.

ಕೋಣೆಯ ಕೀಲಿ ಕೊಟ್ಟೆ.

ಮಾರ್ಚ್ 20, ಗುರುವಾರ

ಏಳು. ಮ್ಯಾನೇಜರ್ ರಜೆಗೆ ಸಹಿ ಹಾಕಿದರು. ಐದನೇ ದಿನ ಪಟ್ಟಿ ಕೈಯಲ್ಲಿ ಬರೆದದ್ದು ಎಂದು ನಾನೇ ಹೇಳಿದೆ. "ಗೊತ್ತು. ಬಸ್ ಹೋಯ್ತಲ್ಲ, ನನಗೆ ಅಷ್ಟು ಸಾಕು," ಎಂದರು. ಇಪ್ಪತ್ನಾಲ್ಕರ ಸಂಜೆಗೆ ಟಿಕೆಟ್ ಆಯಿತು.

ಇನ್ನು ಹೋಗದಿರಲು ಕಾರಣವೇ ಇಲ್ಲ. ಸಂತೋಷ ಆಗಬೇಕಿತ್ತು. ಚೀಲಕ್ಕೆ ಬಟ್ಟೆ ತುಂಬುವುದು, ತೆಗೆಯುವುದು, ಇದೇ ಆಯಿತು.

ಗುಮಾಸ್ತರು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ಮತ್ತೆ ಮಾಡಿದೆ, ನೀವು ಎತ್ತಲಿಲ್ಲ. ಎತ್ತಲಿಲ್ಲ, ನಿಜ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದೆ. ಫೋನ್ ಕೈಯಲ್ಲೇ ಇತ್ತು, ಅವರ ಹೆಸರು ಮಿನುಗುತ್ತಿತ್ತು. ಎತ್ತಿದರೆ ಎಲ್ಲ ಸರಿಯಾಯಿತು ಎಂದು ಅವರು ಹೇಳಿಬಿಡಬಹುದು ಅನ್ನಿಸಿತ್ತು. ಇದನ್ನು ಈ ಮೂರು ವರ್ಷದಲ್ಲಿ ನಾನು ಎಲ್ಲೂ ಬರೆದಿಲ್ಲ.

ಮಾರ್ಚ್ 25, ಮಂಗಳವಾರ

ರೈಲು ತಲುಪಿತು. ಬೆಳಿಗ್ಗೆ, ಆ ಸಲ ನಾನು ಇಳಿದಿದ್ದ ನಿಲ್ದಾಣದಲ್ಲಿ ಐದು ನಿಮಿಷ ನಿಂತಿತ್ತು. ನಾನು ಸೀಟಿನ ಅಂಚನ್ನು ಹಿಡಿದುಕೊಂಡು ಕೂತಿದ್ದೆ. ಎದುರಿನ ಸೀಟಿನ ಹೆಂಗಸು "ಹುಷಾರಿಲ್ವಾ? ನೀರು ಕೊಡ್ಲಾ?" ಎಂದು ಕೇಳಿದರು.

ಅಕ್ಕ ಬಹಳ ಇಳಿದುಹೋಗಿದ್ದಾಳೆ. ಹಾಸಿಗೆಯಲ್ಲಿ ಒರಗಿ ಕೂತು ಬಾಗಿಲ ಕಡೆಯೇ ನೋಡುತ್ತಿದ್ದಳು. ನನ್ನನ್ನು ನೋಡಿದವಳೇ, "ಇಷ್ಟು ದೊಡ್ಡ ಚೀಲ ಯಾಕೆ ತಂದೆ, ಇಲ್ಲಿ ಇಡೋಕೆ ಎಲ್ಲಿದೆ ಜಾಗ?" ಎಂದು ಗದರಿದಳು. ಅಷ್ಟು ಕೇಳಿ ನನಗೆ ಜೀವ ಬಂದ ಹಾಗಾಯಿತು.

ಮಾರ್ಚ್ 26, ಬುಧವಾರ

ಆಪರೇಷನ್ ಥಿಯೇಟರಿನ ಹೊರಗೆ, ಗೋಡೆಗೆ ಬಿಗಿದ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಕಾಗದಗಳು ಬಂದವು. ಏನಾದರೂ ಆಗಬಹುದು ಎಂಬುದನ್ನೇ ಹತ್ತು ಥರ ಬರೆದಿದ್ದಾರೆ. ರೋಗಿಗೆ ಏನಾಗಬೇಕು ಎಂಬಲ್ಲಿ ತಂಗಿ ಎಂದು ಬರೆದು ಸಹಿ ಹಾಕಿದೆ. ಅಕ್ಕನನ್ನು ಒಳಗೆ ಕರೆದೊಯ್ಯಲು ಇನ್ನೂ ಅರ್ಧ ಗಂಟೆ ಇತ್ತು. ಈಗ ಹೇಳದಿದ್ದರೆ ಇನ್ನು ಯಾವಾಗ ಎಂದುಕೊಂಡು ಬಾಯಿಬಿಟ್ಟೆ.

"ಅಕ್ಕಾ, ಆ ಸಲ ತಪ್ಪು ಗುಮಾಸ್ತರದ್ದಲ್ಲ. ನಂದು." ಕಡತ, ಹೆಸರು, ನನ್ನ ಮೇಜು, ಎಲ್ಲವನ್ನೂ ಹೇಳಿದೆ.

"ಅದೆಲ್ಲ ನನಗೆ ಅರ್ಥ ಆಗಲ್ಲ ಕಣೇ," ಎಂದಳು ಅಕ್ಕ. ಆಮೇಲೆ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಪಾಪ! ಮೂರು ವರ್ಷ ಆ ಮನುಷ್ಯನಿಗೆ ಬಾಯಿಗೆ ಬಂದ ಹಾಗೆ ಶಾಪ ಹಾಕಿದೀನಲ್ಲೇ. ಅವನ ಬೆರಳು ಉದುರಿ ಹೋಗ್ಲಿ ಅಂತಾನೂ ಅಂದಿದೀನಿ."

"ಉದುರಿಲ್ಲ. ಇನ್ನೂ ಎರಡು ಜಾಸ್ತಿ ಆಗಿದೆ."

ನಕ್ಕಳು. ನಕ್ಕರೆ ಅವಳಿಗೆ ಏದುಸಿರು ಬರುತ್ತದೆ. ಸ್ವಲ್ಪ ಹೊತ್ತು ಬೆನ್ನು ನೀವಿದೆ.

"ಇನ್ನೊಂದಿದೆ ಅಕ್ಕಾ. ಅವತ್ತು ನನ್ನನ್ನ ವಾಪಸ್ ಬಾ ಅಂತ ಯಾರೂ ಕರೀಲಿಲ್ಲ. ಬಸ್ಸೆಲ್ಲ ಹೋಗಿತ್ತು. ಭಾವನನ್ನ ಆ ಸ್ಥಿತಿಯಲ್ಲಿ ನೋಡೋಕೆ ನನಗೆ ಭಯ ಆಯ್ತು. ಫೋನ್ ಬಂದಿದ್ದೇ ನೆಪ ಆಯ್ತು, ಇಳಿದುಬಿಟ್ಟೆ."

ಅಕ್ಕ ನನ್ನ ಕಡೆ ನೋಡಲಿಲ್ಲ. ಹೊದಿಕೆಯ ಅಂಚನ್ನು ಮಡಿಸುತ್ತ, ಬಿಡಿಸುತ್ತ ಕೂತಿದ್ದಳು. ಬೈಯಲಿ, ಏನಾದರೂ ಅನ್ನಲಿ ಎಂದು ಕಾದೆ.

"ನನಗೂ ಭಯ ಆಗಿತ್ತು ಕಣೇ," ಎಂದಳು ಕೊನೆಗೆ. "ನನಗೆ ವಾಪಸ್ ಹೋಗೋಕೆ ಡಿಪೊ ಇರ್ಲಿಲ್ಲ."

ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಗಾಲಿ ಮಂಚ ತಂದರು. ಬಾಗಿಲವರೆಗೂ ಜೊತೆಗೆ ಹೋದೆ, ಅಲ್ಲಿಂದ ಮುಂದೆ ಬಿಡಲಿಲ್ಲ.

ಐದು ಗಂಟೆ ಹಿಡಿಯುತ್ತದಂತೆ. ಇಲ್ಲಿ ಕೂತು ಏನು ಮಾಡ್ತೀರಾ, ಹೊರಗೆ ಓಡಾಡಿ ಬನ್ನಿ, ನಾವು ಫೋನ್ ಮಾಡ್ತೀವಿ ಎಂದರು ನರ್ಸ್. ಎರಡು ಸಲ ಎದ್ದು ಲಿಫ್ಟಿನವರೆಗೂ ಹೋದೆ, ಬಂದು ಕೂತೆ. ಅಕ್ಷರ ಸೊಟ್ಟಗಾಗುತ್ತಿದೆ. ಇನ್ನೂ ಮೂರೂಕಾಲು ಗಂಟೆ ಇದೆ.

ಮಾರ್ಚ್ 27, ಗುರುವಾರ

ಹತ್ತು ಗಂಟೆಗೆ ಐಸಿಯು ಒಳಗೆ ಬಿಟ್ಟರು, ಹತ್ತು ನಿಮಿಷ ಮಾತ್ರ ಎಂದರು. ಅಕ್ಕನ ಬಾಯಲ್ಲಿ ಕೊಳವೆ, ಎರಡೂ ಕೈಗೆ ಸೂಜಿ. ನೋಡಲಾಗದು. ನೋಡಿದೆ. ಅವಳು ಕಣ್ಣು ಬಿಟ್ಟು ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಬೆರಳು ಮಾತ್ರ ಎತ್ತಿ ಬಾಗಿಲ ಕಡೆ ಆಡಿಸಿದಳು: ಸಾಕು, ಹೋಗು, ಹೋಗಿ ಮಲಗು.

ಇಲ್ಲ ಎಂದು ತಲೆಯಾಡಿಸಿದೆ. ಹುಬ್ಬು ಗಂಟಿಕ್ಕಿ ಮತ್ತೆ ಆಡಿಸಿದಳು. ನಾನು ಸ್ಟೂಲನ್ನು ಮಂಚಕ್ಕೆ ಇನ್ನೂ ಹತ್ತಿರ ಎಳೆದುಕೊಂಡೆ.